ಕೊಕ್ಕರೆ ಟೀಮಿಗೆ ಹುಡುಗನನ್ನು ವಿಚಾರಿಸಿದ್ದು

ನಮ್ಮ ಮನೆಯವರಿಗೆ ಅನುಮಾನ ಅನ್ನುವುದು ರೋಗವಲ್ಲ, ಉದ್ಯೋಗ. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಅಂಗಡಿಯವರು ತಿದ್ದಿರಬಹುದೆಂದು ಮೂಸಿ ನೋಡುವ ಮನುಷ್ಯ. ಪಕ್ಕದ ಫ್ಲ್ಯಾಟಿನವನು ಲಿಫ್ಟಿನಲ್ಲಿ ನಕ್ಕು ಮಾತಾಡಿಸಿದರೆ, 'ಇವತ್ತ್ಯಾಕ ಹಲ್ಲು ಕಿರಿದಾ ಅಂವ?' ಅಂತ ಸಂಜೆಯವರೆಗೂ ತಲೆ ಕೆಡಿಸಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಚಹಾಕ್ಕೆ ಏಲಕ್ಕಿ ಹಾಕಿ ಕೊಟ್ಟರೆ, 'ಏನು ಬೇಕಾಗಿತ್ತು, ಹೇಳಿಬಿಡು' ಅಂದವರು ಇವರು. ಶಿವನೇ, ಅವತ್ತೇ ತವರಿನ ಬಸ್ಸು ಹತ್ತಬೇಕಿತ್ತು ನಾನು.

ಹೆಸರು ಗುರುಪಾದಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು, ಬರೆಯಬಾರದೆಂದೇನೂ ಹೇಳಿರಲಿಲ್ಲ. ಗದಗಿನವರು. ಇಂಜಿನಿಯರಾಗಿ ಸಿಯಾಟಲ್ ಕಡೆ ಬಂದರು, ಕರ್ಕ್‌ಲ್ಯಾಂಡಿನಲ್ಲಿ ಮನೆ ಮಾಡಿದರು, ಕೆಲಸ ಕಳೆದುಕೊಂಡರು. ಆಮೇಲೆ ಒಂದು ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಪತ್ತೆ ಹಚ್ಚುವ ಕೆಲಸ ಸಿಕ್ಕಿತು. ಅದು ಎಷ್ಟು ಒಗ್ಗಿತೆಂದರೆ ಮತ್ತೆ ಇಂಜಿನಿಯರಿಂಗಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಇವರನ್ನು ಕರೆದುಕೊಂಡವರು ಎವರೆಟ್ ಹೆರನ್ಸ್ ಅನ್ನುವ ಫುಟ್‌ಬಾಲ್ ಟೀಮಿನವರು. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವುದಲ್ಲ. ಚೆಂಡನ್ನು ಕೈಯಲ್ಲಿ ಎಸೆದು, ಹೆಲ್ಮೆಟ್ಟು ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಇಲ್ಲಿಯ ಆಟ. ಹೆರನ್ ಅಂದರೆ ಕೊಕ್ಕರೆ. ನಾನು ಆ ಟೀಮಿಗೆ ಇವತ್ತಿಗೂ ಕೊಕ್ಕರೆ ಟೀಮು ಅಂತಲೇ ಅನ್ನುತ್ತೇನೆ. ಅವರ ಆಟ ನೋಡಿದರೆ ಹಾಗೇ, ಒಂಟಿ ಕಾಲಲ್ಲಿ ಸುಮ್ಮನೆ ನಿಂತುಕೊಂಡಿರುತ್ತಾರೆ.

ಯಾವುದೇ ಹುಡುಗನನ್ನು ಟೀಮಿಗೆ ತೆಗೆದುಕೊಳ್ಳುವ ಮೊದಲು ಅವನ ಹಿಂದು ಮುಂದು ತಿಳಿದುಕೊಂಡು ಬರುವುದು ಇವರ ಕೆಲಸ. 'ಗಂಡಿನ ಬಗ್ಗೆ ವಿಚಾರಿಸಿಧಂಗ, ಅಷ್ಟ' ಅಂತ ನನಗೆ ಹೇಳಿದ್ದರು. ಸುಳ್ಳಲ್ಲ. ವುಡಿನ್‌ವಿಲ್‌ನಿಂದ ಫ್ರೀಮಾಂಟ್‌ವರೆಗೆ ಯಾವ ಕನ್ನಡದವರ ಮನೆಯಲ್ಲಿ ಹೆಣ್ಣುಮಗಳು ಮದುವೆಗೆ ಬಂದರೂ, 'ಗುರುಪಾದಪ್ಪನವರೇ, ಹುಡುಗನ ಬಗ್ಗೆ ಸ್ವಲ್ಪ ವಿಚಾರಿಸ್ತೀರಾ?' ಅಂತ ಫೋನು ಬರುತ್ತದೆ. ಇವರ ಸೂತ್ರ ಒಂದೇ. ನಮ್ಮ ಜನ ಕೂಡಿಬರುವ ಸಂಬಂಧಕ್ಕೆ ಕಲ್ಲು ಹಾಕುವುದಿಲ್ಲ, ಯಾರ ಬಗ್ಗೆಯೂ ಕೆಟ್ಟದ್ದು ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗ ನಿಜವಾಗಿ ಒಳ್ಳೆಯವನಾದರೆ, ಅವನು ಯಾರ ಆಸ್ಪತ್ರೆಗೆ ಓಡಾಡಿದ, ಯಾರ ಮನೆಯ ಮದುವೆಯಲ್ಲಿ ಬಡಿಸಿದ ಅಂತೆಲ್ಲ ಹೇಳುತ್ತಾರೆ. 'ಹುಡುಗ ಛಲೋ ಅದಾನ್ರಿ, ಚಹಾ ತಗೋರಿ' ಅಂತ ಅಷ್ಟಕ್ಕೇ ಮುಗಿಸಿದರೋ, ಎದ್ದು ಬಂದುಬಿಡಬೇಕು.

ಕಳೆದ ವರ್ಷ ಕೊಕ್ಕರೆಗಳು ಎಷ್ಟು ಸೋತರೆಂದರೆ ಊರಿನವರು ಟಿಕೆಟ್ಟು ಪುಕ್ಕಟೆ ಕೊಟ್ಟರೂ ಹೋಗುತ್ತಿರಲಿಲ್ಲ. ಇಲ್ಲಿ ಒಂದು ಪದ್ಧತಿ ಇದೆ. ಏಪ್ರಿಲಿನಲ್ಲಿ ಎಲ್ಲ ಟೀಮುಗಳೂ ಕೂತು ಕಾಲೇಜಿನ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಡ್ರಾಫ್ಟ್ ಅನ್ನುತ್ತಾರೆ. ಟೀಮಿನ ಮ್ಯಾನೇಜರ್ ಡೇಲ್ ಅನ್ನುವವನು ಈ ಸಲ ಒಬ್ಬ ಎಳೆಯ ಕ್ವಾರ್ಟರ್‌ಬ್ಯಾಕ್‌ನನ್ನು ತಂದು, ಅವನ ಸುತ್ತ ಹೊಸದಾಗಿ ಟೀಮು ಕಟ್ಟುತ್ತೇನೆಂದು ಹೊರಟಿದ್ದ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಮೊದಲು ಯಾರ ಕೈಗೆ ಬರುತ್ತದೋ, ಯಾರಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ಯಾರು ತೀರ್ಮಾನ ಮಾಡಬೇಕೋ ಅವನು. ಅವನ ಕೈ ಸರಿಯಿದ್ದರೆ ಟೀಮು ಸರಿ. ಡೇಲ್ ಕಣ್ಣು ಹಾಕಿದ್ದ ಹುಡುಗ ವೇಡ್ ಹಾಲ್ವರ್ಸನ್. ಎಲ್ಲರೂ ಒಪ್ಪಿದ್ದರು. ಇವರ ಒಂದು ಮಾತು ಮಾತ್ರ ಬಾಕಿ. ಇವರು ಹೂಂ ಅಂದರೆ ಆ ಹುಡುಗನಿಗೆ ಮೊದಲ ಸರದಿಯ ಪಟ್ಟ, ಊಹೂಂ ಅಂದರೆ ಇಲ್ಲ. ಇಂಥವರ ಕೈಯಲ್ಲಿ ಒಬ್ಬ ಹುಡುಗನ ಭವಿಷ್ಯ ಕೊಟ್ಟಿದ್ದರಲ್ಲ, ಆ ಡೇಲ್‌ನ ತಲೆ ಸರಿಯಿತ್ತೇ ಅಂತ ನನಗೇ ಅನುಮಾನ.

ಹುಡುಗನ ಊರು ಗುಡ್ಡ ದಾಟಿ ಆಚೆ, ಸೇಬಿನ ತೋಟಗಳ ಕಡೆ. ನನ್ನನ್ನೂ ಹೊರಡಿಸಿದರು. ಗಂಡನ್ನು ವಿಚಾರಿಸಲು ಹೋದಾಗ ಗಂಡಸರು ಕಟ್ಟೆಗೆ, ಹೆಂಗಸರು ಅಡುಗೆಮನೆಗೆ ಹೋಗುವುದು ನಮ್ಮ ಕಡೆಯ ರೂಢಿ. ಅದನ್ನು ಇವರು ಅಮೆರಿಕದಲ್ಲೂ ಬಿಟ್ಟಿಲ್ಲ. ಮಗಳು ನಿಸರ್ಗ, 'ಅಮ್ಮಾ, ದಿಸ್ ಈಸ್ ಸೋ ಕ್ರೀಪಿ' ಅಂದಳು. ಹೌದವ್ವಾ, ನನಗೇನು ಹುಮ್ಮಸ್ಸಿತ್ತೇ?

ಇವರು ಶಾಲೆಯ ಕೋಚ್ ಹತ್ತಿರ ಹೋದರು. ನಾನು ಊರಿನ ನಡುವಿನ ಚಿಕ್ಕ ಹೋಟೆಲಿಗೆ ಹೋದೆ. ಕಾಫಿ ಕೊಡುವ ಹೆಂಗಸು ನನ್ನ ವಯಸ್ಸಿನವಳೇ. ಗಲ್ಲಾಪೆಟ್ಟಿಗೆಯ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ತರುಣ ಕೂತು ಬಿಲ್ಲು ಮಾಡುತ್ತಿದ್ದ. ಅವಳ ಸೇಬಿನ ಕಡುಬು ಹೊಗಳಿದೆ, ಚಳಿ ಬೈದೆ, ಆಮೇಲೆ ಮೆಲ್ಲಗೆ ವೇಡ್ ವಿಷಯ ತೆಗೆದೆ. ಅವಳ ನಗು ಹಾಗೇ ನಿಂತಿತು. 'ಗುಡ್ ಕಿಡ್' ಅಂದಳು. ಅಂದು, ತುಂಬಿದ್ದ ನನ್ನ ಮಗ್ಗಿಗೆ ಇನ್ನಷ್ಟು ಕಾಫಿ ಸುರಿದಳು. ಕಾಫಿ ಟೇಬಲ್ಲಿನ ಮೇಲೆಲ್ಲ ಹರಿಯಿತು. ಇದು ಅದೇ ನಮ್ಮ 'ಚಹಾ ತಗೋರಿ' ಅಲ್ಲವೇ!

ಇವರು ಬಂದು ಎದುರಿಗೆ ಕೂತರು. ಕೋಚ್ ಏನಂದ ಅಂದೆ.

'ಗುಡ್ ಕಿಡ್ ಅಂದ.'

'ಕ್ಷೌರದ ಅಂಗಡಿಯಾಂವ?'

'ಗುಡ್ ಕಿಡ್. ಚರ್ಚಿನಾಕೀನೂ ಗುಡ್ ಕಿಡ್. ಎಲ್ಲಾರೂ ಒಂದ ಮಾತು, ಒಂದ ಧ್ವನಿ. ಕಲಿಸಿಕೊಟ್ಟಾರ, ಗೌರಿ. ಇಡೀ ಊರು ಕೂಡಿ ಏನೋ ಮುಚ್ಚಾಕತ್ತದ.'

ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲಿನ ಫೋಟೋಕ್ಕೆ ಹೋಯಿತು. ಹೈಸ್ಕೂಲಿನ ವೇಡ್ ಸೇಬಿನ ದೊಡ್ಡ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಕೆಳಗೆ ಅಕ್ಟೋಬರ್ ಅಂತ, ವರ್ಷ ಸಮೇತ ಬರೆದಿತ್ತು. ಅದೇ ಅಕ್ಟೋಬರಿನಲ್ಲಿ ಹುಡುಗ ಆಟದಿಂದ ಹೊರಗಿದ್ದ, ಕೈಯ ಎಲುಬು ಮುರಿದಿತ್ತು ಅಂತ ಅಲ್ಲಿಯ ಪತ್ರಿಕೆಯಲ್ಲಿ ಬಂದಿದ್ದನ್ನು ಇವರು ಮೊದಲೇ ಓದಿಕೊಂಡಿದ್ದರು. ಎಲುಬು ಮುರಿದವನು ಪೆಟ್ಟಿಗೆ ಎತ್ತುತ್ತಾನೇನು?

ಗುಡ್ಡ ಇಳಿದು ಮನೆಗೆ ಬರುವವರೆಗೂ ಕಾರಿನಲ್ಲಿ ಇದೇ ಮಾತು. ಪೊಲೀಸ್ ಕೇಸಿರಬೇಕು ಅಂತ ಇವರು. ಹುಡುಗಿಯ ವಿಷಯವಿರಬೇಕು ಅಂತ ನಾನು. ಮಾದಕ ಪದಾರ್ಥ ಇರಬಹುದು ಅಂತ ಇವರು. ಎಲ್ಲ ಸೇರಿ ಇರಬಹುದು ಅಂತ ನಾನು. ನೋಡಿ, ಇಷ್ಟು ವರ್ಷ ಜೊತೆಗಿದ್ದರೆ ಯಾರಿಗಾದರೂ ಈ ಚಟ ಅಂಟದೆ ಇರುತ್ತದೆಯೇ? ಆ ಹುಡುಗನ ಮುಖವನ್ನೇ ನೋಡಿರಲಿಲ್ಲ ನಾನು, ಅಷ್ಟರಲ್ಲೇ ಅವನನ್ನು ಜೈಲಿಗೆ ಹಾಕಿ ಕೂತಿದ್ದೆ.

ಮರುವಾರ ಹುಡುಗನೇ ಟೀಮಿನ ಆಫೀಸಿಗೆ ಬಂದ. ವಿಚಾರಣೆಯ ಕೊನೆಯ ಮಜಲು ಅಂದರೆ ಮನೆಗೆ ಕರೆದು ಊಟಕ್ಕೆ ಹಾಕುವುದು. ಇವರು ಕರೆದುಕೊಂಡು ಬಂದೇಬಿಟ್ಟರು. ಬಾಗಿಲಿಗಿಂತ ಎತ್ತರ ಹುಡುಗ. ಹೇಳದೆಯೇ ಶೂ ಬಿಚ್ಚಿಟ್ಟ. ಇದನ್ನೂ ಯಾರೋ ಕಲಿಸಿ ಕಳಿಸಿದ್ದಾರೆ ಅಂದುಕೊಂಡೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದ. ಇವರು ಅವನು ಇನ್ನೊಂದು ರೊಟ್ಟಿ ಮುರಿಯುವವರೆಗೆ ಕಾದು, ತಟ್ಟನೆ ಕೇಳಿದರು, ಆ ಅಕ್ಟೋಬರಿನಲ್ಲಿ ಕೈ ಮುರಿದಿರಲಿಲ್ಲ, ಅಲ್ಲವೇ ಅಂತ.

ಹುಡುಗ ರೊಟ್ಟಿಯನ್ನು ತಾಟಿನಲ್ಲಿಟ್ಟ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳತೊಡಗಿದ. ಆ ಸೆಪ್ಟೆಂಬರಿನ ಒಂದು ಆಟದಲ್ಲಿ ಇವನು ಎಸೆದ ಚೆಂಡು ಸ್ವಲ್ಪ ಎತ್ತರಕ್ಕೆ ಹೋಯಿತು. ಅದನ್ನು ಹಿಡಿಯಲು ಇವನ ಗೆಳೆಯ ಬ್ರೆಟ್ ಹಾರಿದ. ಹಾರಿದವನು ಕತ್ತಿನ ಮೇಲೆ ಬಿದ್ದ. ಮತ್ತೆ ನಡೆಯಲಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ನಾನು ನೋಡಿದ್ದ ತರುಣ ಅವನೇ. ಕಾಫಿ ಕೊಟ್ಟವಳು ಅವನ ತಾಯಿ. ಅವತ್ತಿನಿಂದ ವೇಡ್‌ನ ಕೈ ನಡುಗುವುದಕ್ಕೆ ಶುರುವಾಯಿತು. ಪೆಟ್ಟಿಗೆ ಎತ್ತಿದರೆ ನಡುಗುತ್ತಿರಲಿಲ್ಲ, ಚೆಂಡು ಹಿಡಿದರೆ ನಡುಗುತ್ತಿತ್ತು. ಹೊರಗಿನವರು ಯಾರೇ ಕೇಳಿದರೂ ಹುಡುಗ ಒಳ್ಳೆಯವನು, ಕೈ ಮುರಿದಿತ್ತು ಅಂತಲೇ ಹೇಳಬೇಕು, ಇನ್ನೊಂದು ಮಾತು ಆಡಬಾರದು ಅಂತ ಆಸ್ಪತ್ರೆಯ ಹಾಸಿಗೆಯಿಂದ ಊರಿಗೆಲ್ಲ ಹೇಳಿಸಿದವನು ಬ್ರೆಟ್.

ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾಚಿಕೆಯಾಯಿತು. ಇವರು ಮಾತ್ರ ಕೇಳುವುದನ್ನು ಬಿಡಲಿಲ್ಲ.

'ಈಗಲೂ ನಡುಗುತ್ತದೆಯೇ?'

'ಒಮ್ಮೊಮ್ಮೆ' ಅಂದ ಹುಡುಗ. 'ಆಟ ಶುರುವಾಗುವ ಮೊದಲು. ಮೊದಲ ಒಂದೆರಡು ಎಸೆತ.' ಆಮೇಲೆ ಇವರ ಮುಖ ನೋಡಿ, 'ಹೇಳಿಬಿಡುತ್ತೀರಾ?' ಅಂತ ಕೇಳಿದ. ಇವರು, ಮೊಸರು ಹಾಕಿಕೊಳ್ಳಪ್ಪ ಅಂದರು.

ಹುಡುಗ ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಜಗಳವೇ.

'ಹೇಳಬ್ಯಾಡ್ರಿ' ಅಂದೆ. 'ಕೈ ನಡುಗ್ತದ ಅಂದ್ರ ಯಾವ ಟೀಮಿನವರು ಮುಟ್ಟತಾರ? ಅಂವನ ಬಾಳು ಕೆಡಿಸಿ ನಿಮಗೇನು ಬರೂದೈತಿ?'

'ಡೇಲ್ ನನ್ನ ಮಾತು ನಂಬಿ ಟೀಮು ಕಟ್ಟಾಂವ. ಗೊತ್ತಿದ್ದೂ ಸುಮ್ಮನಿದ್ರ ನಾ ಯಾವ ಸೀಮಿ ಮನಿಷ್ಯಾ?'

'ಒಂದು ಸಲ ಬಾಯಿ ಮುಚಗೊಂಡಿದ್ರ ಭೂಮಿ ಬಾಯಿ ಬಿಡೂದಿಲ್ಲ!'

'ನಮ್ಮಕ್ಕನ ವ್ಯಾಳ್ಯಾದಾಗೂ ಎಲ್ಲಾರೂ ಹಿಂಗ ಅಂದಿರಬೇಕು' ಅಂದರು.

ಇವರ ಅಕ್ಕ ಅನಸೂಯಮ್ಮ. ಸೊಲ್ಲಾಪುರದ ಕಡೆಯ ಸಂಬಂಧ ಬಂದಾಗ ಮಾವನವರೇ ಹೋಗಿ ಓಣಿಯಲ್ಲೆಲ್ಲ ವಿಚಾರಿಸಿ ಬಂದು, ಹುಡುಗ ಛಲೋ ಅದಾನ ಅಂದಿದ್ದರು. ಮದುವೆಯಾಗಿ ಹೋದರೆ ಆ ಮನುಷ್ಯನಿಗೆ ಆಗಲೇ ಇನ್ನೊಂದು ಸಂಸಾರ, ಒಂದು ಕೂಸು. ಓಣಿಗೆಲ್ಲ ಗೊತ್ತಿತ್ತು. ಅಕ್ಕ ತಿರುಗಿ ಬಂದರು, ಶಾಲೆಯಲ್ಲಿ ಟೀಚರಾದರು, ಮತ್ತೆ ಮದುವೆಯ ಮಾತೆತ್ತಲು ಯಾರಿಗೂ ಬಿಡಲಿಲ್ಲ. ಆ ಓಣಿಯವರ ಮೇಲಿನ ಸಿಟ್ಟನ್ನು ಇವರು ಜಗತ್ತಿನ ಮೇಲೆಲ್ಲ ತೀರಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಎಂದೋ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದು ಮಾತ್ರ ಅವತ್ತೇ.

ಮರುದಿನ ಬೆಳಿಗ್ಗೆ, ಗದಗಿನಲ್ಲಿ ದೀಪ ಹಚ್ಚುವ ಹೊತ್ತು, ಇವರು ಅಕ್ಕನಿಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು. ಹುಡುಗನ ಕಥೆಯನ್ನೆಲ್ಲ ಹೇಳಿದರು. ಆಮೇಲೆ, ನಾನು ಎಂದೂ ಕೇಳಿರದ ಧ್ವನಿಯಲ್ಲಿ, 'ಅಕ್ಕಾ, ಆವತ್ತು ಆ ಓಣ್ಯಾಗ ಒಬ್ಬರರ ಖರೇ ಹೇಳಿದ್ರ ನಿನ್ನ ಬಾಳು ಹಿಂಗ ಆಗ್ತಿದ್ದಿಲ್ಲ, ಹೌದಿಲ್ಲೋ?' ಅಂದರು.

ಆ ಕಡೆ ಅಕ್ಕ ಬಾಗಿಲು ಮುಚ್ಚಿ ಬಂದ ಸದ್ದು ಕೇಳಿಸಿತು.

'ಹೇಳಿದ್ರೋ ಗುರು' ಅಂದರು ಅಕ್ಕ. 'ಆ ಓಣ್ಯಾಗಿನ ಅರಿವಿ ಅಂಗಡಿಯಾಂವ ಅಪ್ಪಗ ಎಲ್ಲಾ ಹೇಳಿದ್ದ. ಅಪ್ಪ ಸಾಯೂ ಮುಂದ ನನ್ನ ಕೈ ಹಿಡಕೊಂಡು ಒಪ್ಪಿಕೊಂಡಾ. ಮಾತು ಕೊಟ್ಟಾಗಿತ್ತಂತ, ಮಂದಿ ಏನಂತಾರ ಅಂತ ಸುಮ್ಮನಾದನಂತ. ನೀ ಅಪ್ಪನ್ನ ದೇವರಂತ ತಿಳಿದಾಂವ. ಅದಕ್ಕ ನಿನಗ ಹೇಳಲಿಲ್ಲ.'

ಇವರು ದೇವರ ಗೂಡಿನ ಪಕ್ಕದಲ್ಲಿದ್ದ ಮಾವನವರ ಫೋಟೋ ಕಡೆ ತಿರುಗಿದರು. ಇವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಲೋಕದವರನ್ನೆಲ್ಲ ಅನುಮಾನಿಸಿದ ಮನುಷ್ಯ, ಅನುಮಾನಿಸಬೇಕಾದವರನ್ನು ಮಾತ್ರ ಬಿಟ್ಟಿದ್ದರು. ದಿನಾ ಪೂಜೆಯ ಹೊತ್ತಿಗೆ ಆ ಫೋಟೋಕ್ಕೆ ಹೂವಿಡುತ್ತಿದ್ದವಳು ನಾನೇ.

'ಸಿಟ್ಟು ಮಾಡಿಕೋಬ್ಯಾಡ' ಅಂದರು ಅಕ್ಕ. 'ಒಂದು ಮಾತು ಹೇಳತೀನಿ. ಅಪ್ಪಗ ಹೇಳಿದ್ರು, ಅಂವ ಅವ್ವಗ ಹೇಳಿದ್ದಾನು. ನನಗ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬಾಳು ಯಾರದೋ, ಅವರನ್ನ ಹೊರಗ ಕುಂಡ್ರಿಸಿ ಒಳಗ ಪಿಸಿಪಿಸಿ ಮಾತಾಡೂದು, ಅದು ಮೋಸ ನೋಡು.'

ಇವರು ಎದ್ದು ಕೈಕಾಲು ತೊಳೆದರು. ವೇಡ್‌ಗೆ ಫೋನ್ ಮಾಡಿದರು. 'ನಾನು ನಿನ್ನ ಬಗ್ಗೆ ಡೇಲ್‌ಗೆ ಗುಟ್ಟಾಗಿ ಏನೂ ಹೇಳುವುದಿಲ್ಲ. ಮುಚ್ಚಿಡುವುದೂ ಇಲ್ಲ. ನೀನೇ ಬಾ, ನನ್ನ ಪಕ್ಕದಲ್ಲಿ ಕೂತು ನೀನೇ ಹೇಳು' ಅಂದರು. ಹುಡುಗ ಯೋಚಿಸುತ್ತೇನೆ ಅಂದ. ಬರುವುದಿಲ್ಲ ಇವನು, ಬೇರೆ ಟೀಮು ಹುಡುಕಿಕೊಳ್ಳುತ್ತಾನೆ ಅಂತ ನಾನಂದೆ. ಬಂದ.

ಆ ಕೋಣೆಯಲ್ಲಿ ನಡೆದದ್ದನ್ನು ಇವರು ಬಂದು ಹೇಳಿದರು. ಹುಡುಗ ಬ್ರೆಟ್ ಬಿದ್ದದ್ದು, ಕೈ ನಡುಗಿದ್ದು, ಈಗಲೂ ನಡುಗುವುದು, ಒಂದನ್ನೂ ಬಿಡದೆ ಹೇಳಿದನಂತೆ. ಡೇಲ್ ಹಣೆ ಹಿಡಿದುಕೊಂಡು ಕೂತನಂತೆ. ಅವನದೂ ಕುತ್ತಿಗೆಗೆ ಬಂದಿತ್ತು. ಈ ಸಲ ಆಯ್ಕೆ ತಪ್ಪಿದರೆ ಅವನನ್ನೂ, ಇವರನ್ನೂ ಮನೆಗೆ ಕಳಿಸುವುದು ಖಂಡಿತ. ಕೊನೆಗೆ ಇವರ ಕಡೆ ತಿರುಗಿ, 'ನೀನು ಇಲ್ಲಿಯವರೆಗೆ ಬೇಡ ಅನ್ನುವುದಕ್ಕೆ ಕಾರಣ ತಂದಿದ್ದೀಯ, ಬೇಕು ಅಂತ ಒಮ್ಮೆಯೂ ಅಂದಿಲ್ಲ. ಈಗ ಹೇಳು, ತೆಗೆದುಕೊಳ್ಳಲೋ ಬೇಡವೋ?' ಅಂದನಂತೆ.

'ತೆಗೆದುಕೋ' ಅಂದರಂತೆ ಇವರು. 'ಉಳಿದ ಹುಡುಗರಲ್ಲಿ ನಾನು ಇನ್ನೂ ಏನೋ ಹುಡುಕುವುದಿದೆ. ಇವನಲ್ಲಿ ಹುಡುಕುವುದು ಏನೂ ಉಳಿದಿಲ್ಲ.'

ಕೇಳಿ ನಾನು ತಲೆ ಚಚ್ಚಿಕೊಂಡೆ. 'ಅಂವ ಆಡತಾನಂತ ನಿಮಗ ಖಾತ್ರಿ ಅದ ಏನ್ರಿ?'

'ಇಲ್ಲ' ಅಂದರು. ಹಾಗಂದು ನಕ್ಕರು. ಇವರಿಗೇನಾದರೂ ಆಗಿದೆಯೇ ಅಂತ ನನಗೆ ಭಯವಾಯಿತು.

ಏಪ್ರಿಲಿನ ಆ ಸಂಜೆ ಟೀವಿಯಲ್ಲಿ ಕೊಕ್ಕರೆ ಟೀಮು ಮೊದಲ ಹೆಸರು ಕೂಗಿತು: ವೇಡ್ ಹಾಲ್ವರ್ಸನ್. ನಿಸರ್ಗ ಸೋಫಾದ ಮೇಲೆ ಹತ್ತಿ ಕುಣಿದಳು. ವೇದಿಕೆಯ ಮೇಲೆ ಡೇಲ್ ಹುಡುಗನ ಬೆನ್ನು ತಟ್ಟಿ ನಗುತ್ತಿದ್ದ. ಆ ನಗು ನನಗೆ ಸರಿ ಕಾಣಲಿಲ್ಲ. ಹಾಳಾದರೆ ಗುರುಪಾದಪ್ಪ ಹೇಳಿದ್ದ ಅಂತ ಇವರ ತಲೆಗೆ ಕಟ್ಟುವ ನಗು ಅದು. ಅಂದೆ ಕೂಡ. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಆಟ. ಇವರು ಮೈದಾನಕ್ಕೆ ಹೋದರು, ನಾನು ಮನೆಯಲ್ಲಿ ಟೀವಿ ಮುಂದೆ ಕೂತೆ. ಚೆಂಡು ಹುಡುಗನ ಕೈಗೆ ಬಂತು. ಕ್ಯಾಮೆರಾದವನಿಗೆ ಬೇರೆ ಕೆಲಸವಿಲ್ಲ, ಬೆರಳನ್ನೇ ದೊಡ್ಡದು ಮಾಡಿ ತೋರಿಸಿದ. ನಡುಗುತ್ತಿತ್ತು. ಮೊದಲ ಎಸೆತ ಗೆರೆ ದಾಟಿ ಹೊರಗೆ ಬಿತ್ತು. ಎರಡನೆಯದು ನೇರ ಎದುರು ಟೀಮಿನವನ ಎದೆಗೆ. ಜನ ಹೋ ಅಂತ ಕೂಗಿ ಛೀಮಾರಿ ಹಾಕಿದರು. ಆಮೇಲೆ ಹುಡುಗನ ಕೈ ಹದಕ್ಕೆ ಬಂತು, ಚೆನ್ನಾಗಿಯೂ ಎಸೆದ, ಆದರೆ ಅಷ್ಟರಲ್ಲಿ ಹೋದದ್ದನ್ನು ತಿರುಗಿ ತರಲು ಆಗಲಿಲ್ಲ. ಕೊಕ್ಕರೆಗಳು ಸೋತರು. ಮುಗಿಯಿತು, ಹುಡುಗನ ಕಥೆಯೂ ಮುಗಿಯಿತು, ನಮ್ಮದೂ ಮುಗಿಯಿತು ಅಂತ ಟೀವಿ ಆರಿಸಿಬಿಟ್ಟೆ ನಾನು.

ಇವರು ಕಾರು ನಿಲ್ಲಿಸಿ ಮೇಲೆ ಬಂದರು. 'ಸೋತ್ರಲ್ರಿ' ಅಂದೆ.

'ಹೂಂ, ಸೋತ್ವಿ.'

'ಮಂದಿಯೆಲ್ಲಾ ನೋಡ್ತು. ಅಂವನ ಕೈ ನಡುಗ್ತು.'

'ನಡುಗ್ತದಂತ ಅಂವನ ಹೇಳಿದ್ನಲ್ಲ. ಆಟ ಮುಗದ ಮ್ಯಾಲ ಡೇಲ್ ಒಳಗ ಹೋಗಿ ಅಂವಗ ಏನಂದ ಗೊತ್ತೇನು? ಮುಂದಿನ ವಾರ ಮೊದಲ ಎರಡು ಚೆಂಡು ಎಸಿಬ್ಯಾಡ, ಪಕ್ಕದಾಂವನ ಕೈಯಾಗ ಕೊಡು, ಆಮ್ಯಾಲ ಎಸಿ ಅಂದ. ಗೊತ್ತಿದ್ದುದಕ್ಕ ಹಂಗಂದ, ಗೌರಿ. ಗೊತ್ತಿರಲಿಲ್ಲಂದ್ರ ಹೊರಗ ಹಾಕ್ತಿದ್ದ.' ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. 'ಸೋತೀವಿ, ಖರೆ. ಆದ್ರ ಯಾರಿಗೂ ಮೋಸ ಆಗಿಲ್ಲ.'

ಅಷ್ಟು ಹೇಳಿ, ಹಸಿವಾಗಿದೆ ಬಡಿಸು ಅಂದರು. ನನಗೆ ಯಾಕೋ ಅಳು ಬಂತು. ಅಳುತ್ತಲೇ ಬಡಿಸಿದೆ. ಯಾಕೆ ಅಳುತ್ತೀ, ಏನು ಬೇಕಾಗಿತ್ತು ಅಂತ ಅವರು ಕೇಳಲೂ ಇಲ್ಲ, ತಲೆ ತಗ್ಗಿಸಿ ಹೊಟ್ಟೆತುಂಬ ಉಂಡರು.